ಕೆಂಪು ಬಣ್ಣ ಹುಡುಕಿ ಹೋದವರು

ಬಳಗಾನೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಹಳೆಯ ಅಂಬಾಸಿಡರ್ ಭಾರ ಎಳೆಯುವಾಗ ಟಕಟಕ ಬಡಿದರೆ ಗ್ಯಾರೇಜಿನವರು ಮೊದಲು ಕೈಹಾಕುತ್ತಿದ್ದುದು ಡೆಲ್ಕೋಗೆ, ಅಂದರೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ. ಮುಚ್ಚಳ ಬಿಚ್ಚಿ, ಪಾಯಿಂಟ್ ಉಜ್ಜಿ, ಟೈಮಿಂಗ್ ಹಿಂದಿಟ್ಟು ನೋಡುತ್ತಿದ್ದರು. ಅದೇ ಹೆಸರಿನ, ಅಮೆರಿಕದ ಡೇಟನ್ ಊರಿನ ಡೆಲ್ಕೋ ಕಂಪನಿ ಇದೇ ಬಡಿತದ ಅಪವಾದವನ್ನು ಒಂದು ಶತಮಾನದ ಹಿಂದೆಯೇ ಹೊತ್ತಿತ್ತು.

1912ರ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವನು ಡೆಲ್ಕೋದ ಚಾರ್ಲ್ಸ್ ಕೆಟರಿಂಗ್. ಬ್ಯಾಟರಿಯಿಂದ ಕಿಡಿ ಹಾರಿಸುವ ವ್ಯವಸ್ಥೆಯೂ ಅವನದೇ. ಎಂಜಿನ್ ಬಡಿಯತೊಡಗಿದಾಗ ಎದುರಾಳಿಗಳು ಆ ಕಿಡಿಯನ್ನೇ ದೂರಿದರು. ಹಳ್ಳಿಮನೆಗಳಿಗೆ ದೀಪ ಕೊಡಲು ಅವನು ತಯಾರಿಸಿದ ಸೀಮೆಎಣ್ಣೆ ಎಂಜಿನ್ನೂ ಬಡಿಯುತ್ತಿತ್ತು. 1916ರಲ್ಲಿ ಕೆಲಸಕ್ಕೆ ಸೇರಿದ ಥಾಮಸ್ ಮಿಜ್ಲಿಯ ಹೆಗಲಿಗೆ ಈ ಸಮಸ್ಯೆ ಬಿತ್ತು. ಅವನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ರಸಾಯನಶಾಸ್ತ್ರವಲ್ಲ.

ಸಿಲಿಂಡರಿನೊಳಗಿನ ಒತ್ತಡ ಅಳೆದಾಗ ಮೊದಲ ಸುಳಿವು ಸಿಕ್ಕಿತು. ಒತ್ತಡ ಹುಚ್ಚೆದ್ದು ಏರುತ್ತಿದ್ದುದು ಕಿಡಿ ಹಾರಿದ ಮೇಲೆ. ಕಿಡಿ ಹೊತ್ತಿಗೆ ಸರಿಯಾಗಿಯೇ ಬರುತ್ತಿತ್ತು, ತಂಟೆಯಿದ್ದದ್ದು ಇಂಧನದಲ್ಲಿ.

ಆಗ ನೆನಪಿಗೆ ಬಂದದ್ದು ಹಿಮದಡಿಯಲ್ಲೂ ಹೂ ಬಿಡುವ ಕಾಡುಗಿಡವೊಂದು; ಅದರ ಎಲೆಗೆ ಕೆಂಪು ಬೆನ್ನಿತ್ತು. ಕೆಂಪು ಶಾಖ ಹೀರುತ್ತದೆ, ಹಾಗಾದರೆ ಸೀಮೆಎಣ್ಣೆಯನ್ನೇ ಕೆಂಪಾಗಿಸಿದರೆ ಅದೂ ಶಾಖ ಹೀರಿ ಬೇಗ ಆವಿಯಾಗಿ, ಬಡಿತ ನಿಂತೀತೇ? ಮಿಜ್ಲಿ ಉಗ್ರಾಣಕ್ಕೆ ಓಡಿದ. ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಅಲ್ಲಿರಲಿಲ್ಲ. ಎಣ್ಣೆಗೆ ರಂಗೇರಿಸುತ್ತದೆಂಬ ಒಂದೇ ಕಾರಣಕ್ಕೆ ಅಯೋಡಿನ್ ತಂದು ಬೆರೆಸಿದ. ಬಡಿತ ನಿಂತೇಹೋಯಿತು!

ಆ ಉತ್ಸಾಹದಲ್ಲೇ ಪೇಟೆಯಿಂದ ಅಸಲಿ ಕೆಂಪು ಬಣ್ಣಗಳನ್ನು ತರಿಸಿದ. ಒಂದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಬಣ್ಣವೇ ಇಲ್ಲದ ಅಯೋಡಿನ್ ಸಂಯುಕ್ತವನ್ನು ಸುರಿದ. ಎಂಜಿನ್ ಮತ್ತೆ ಸುಮ್ಮನಾಯಿತು. ಉಗ್ರಾಣದಲ್ಲಿ ಅಂದು ಕೆಂಪು ಬಣ್ಣ ಸಿಕ್ಕಿದ್ದರೆ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತಿತ್ತೇನೋ.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ವರ್ಷಗಟ್ಟಲೆ ಸಿಕ್ಕಸಿಕ್ಕದ್ದನ್ನೆಲ್ಲ ಬೆರೆಸಿ ನೋಡಿದರು. ಟೆಲ್ಲೂರಿಯಂ ಬಡಿತವನ್ನು ಚೆನ್ನಾಗಿ ತಡೆಯಿತು, ಆದರೆ ಅದರ ಬೆಳ್ಳುಳ್ಳಿಯಂಥ ದುರ್ನಾತ ಸ್ನಾನ ಮಾಡಿದರೂ ಮೈಬಿಡಲಿಲ್ಲ. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸದ ಸರದಿ ಬಂತು. ತುಸುವೇ ಹಾಕಿದ್ದರು, ಬಡಿತ ಅಡಗಿತು.

ಈ ಗೆಲುವಿಗೆ ತೆತ್ತ ಬೆಲೆ ಘೋರವಾದದ್ದು. 1924ರಲ್ಲಿ ನ್ಯೂಜೆರ್ಸಿಯ ತಯಾರಿಕಾ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರು. ಆದರೂ ಅದು ಜಗತ್ತಿನ ಪೆಟ್ರೋಲಿಗೆಲ್ಲ ಸೇರಿತು. ಭಾರತದ ಬಂಕುಗಳಿಂದ ತೊಲಗಿದ್ದು 2000ದಲ್ಲಿ.

ಬಡಿತದ ಮರ್ಮ ಇಷ್ಟು: ಕಿಡಿಯಿಂದ ಹೊರಟ ಜ್ವಾಲೆ ಸಿಲಿಂಡರಿನ ಆಚೆ ಮೂಲೆ ಮುಟ್ಟುವ ಮೊದಲೇ, ಅಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿದ್ದ ಇಂಧನ ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತಿತ್ತು. ಸೀಸದ ಸೂಕ್ಷ್ಮ ಕಣಗಳು ಆ ದಹನದ ರಾಸಾಯನಿಕ ಸರಪಳಿಯನ್ನು ನಡುವೆಯೇ ತುಂಡರಿಸುತ್ತಿದ್ದವು.