ಜಾಲತಾಣ ಶೋಧಕದ ಕಣ್ಣಿಗೆ ಬೀಳುತ್ತಿದೆಯೇ? – ಒಂದು ತಾಂತ್ರಿಕ ತಪಾಸಣೆ

ಬೆಳ್ತಂಗಡಿ ತಾಲ್ಲೂಕಿನ ಪ್ರೌಢಶಾಲೆಯೊಂದು ತನ್ನ ಸುತ್ತಮುತ್ತಲಿನ ವಿಷಯಗಳ ಬಗ್ಗೆ ಕನ್ನಡ ಜಾಲತಾಣ ರೂಪಿಸಿದೆ ಎಂದಿಟ್ಟುಕೊಳ್ಳೋಣ. 1604ರಲ್ಲಿ ಸ್ಥಾಪನೆಯಾದ ವೇಣೂರಿನ ಬಾಹುಬಲಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಬಂಟ್ವಾಳದಲ್ಲಿ ನೇತ್ರಾವತಿಯ ನೆರೆ – ಎಲ್ಲದರ ಮಾಹಿತಿಯೂ ಅಲ್ಲಿದೆ. ಆದರೆ ಶೋಧಕದಲ್ಲಿ ‘ವೇಣೂರು ಬಾಹುಬಲಿ’ ಎಂದು ಬೆರಳಚ್ಚಿಸಿದರೆ ಆ ಪುಟ ಬರುವುದೇ ಇಲ್ಲ. ಏಕೆ?

ಶೋಧಕ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಅದರ ತಂತ್ರಾಂಶ ಕೊಂಡಿಗಳನ್ನು ಹಿಡಿದು ಪುಟಗಳನ್ನು ತರುತ್ತದೆ. ಪದಗಳನ್ನು ಸೂಚಿಯಲ್ಲಿ ಸೇರಿಸುತ್ತದೆ. ಕೇಳಿದಾಗ ಶ್ರೇಯಾಂಕ ನೀಡಿ ತೋರಿಸುತ್ತದೆ. ತಪಾಸಣೆಯೂ ಇದೇ ಕ್ರಮದಲ್ಲಿ ನಡೆಯಬೇಕು.

ಪುಟ ತಲುಪುವುದೇ?

ತಾಣದ ಮೂಲದಲ್ಲಿರುವ ‘ರೋಬಾಟ್ಸ್’ ಕಡತವನ್ನು ಮೊದಲು ತೆರೆಯಿರಿ. ಯಾವ ಭಾಗಕ್ಕೆ ಬರಬಾರದು ಎಂದು ಶೋಧಕಕ್ಕೆ ಹೇಳುವ ಈ ಪದ್ಧತಿ 1994ರಷ್ಟು ಹಳೆಯದು. ಅಲ್ಲಿ ‘ಡಿಸಲೋ’ ಪದದ ಮುಂದೆ ಒಂದು ಓರೆಗೆರೆ ಮಾತ್ರ ಇದ್ದರೆ ಇಡೀ ತಾಣಕ್ಕೇ ಬಾಗಿಲು ಹಾಕಿದಂತೆ. ಬಳಿಕ ಪ್ರತಿ ಪುಟದ ಸ್ಥಿತಿಸಂಖ್ಯೆ ನೋಡಿ: 200 ಎಂದರೆ ಸರಿ, 301 ಎಂದರೆ ಶಾಶ್ವತ ಸ್ಥಳಾಂತರ, 404 ಎಂದರೆ ಪುಟವಿಲ್ಲ. ಪುಟಗಳ ವಿಳಾಸಪಟ್ಟಿಯಾದ ‘ಸೈಟ್‌ಮ್ಯಾಪ್’ ಕಡತವೂ ಇರಲಿ. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಕೊಡಬಹುದು.

ಅಕ್ಷರ ಅರ್ಥವಾಗುವುದೇ?

ಕನ್ನಡ ತಾಣಗಳು ಹೆಚ್ಚಾಗಿ ಎಡವುವುದು ಇಲ್ಲಿ. ಯೂನಿಕೋಡ್ ಬಳಕೆಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ. ಕಡತದಲ್ಲಿ ಉಳಿಯುವುದು ಲ್ಯಾಟಿನ್ ಲಿಪಿಯ ಸಂಕೇತಗಳು. ನುಡಿಯ ಹಳೆಯ ಶೈಲಿಯಲ್ಲಿ ‘ಕ’ ಎಂಬುದು ಇಂಗ್ಲಿಷಿನ ‘ಪಿ’ ಮತ್ತು ಇನ್ನೊಂದು ಚಿಹ್ನೆಯ ಜೋಡಿ. ಶೋಧಕ ಓದುವುದು ಸಂಕೇತವನ್ನೇ ಹೊರತು ಆಕಾರವನ್ನಲ್ಲ. ಆದ್ದರಿಂದ ‘ವೇಣೂರು’ ಎಂಬ ಪದ ಅದರ ಪಾಲಿಗೆ ಆ ಪುಟದಲ್ಲಿ ಇಲ್ಲವೇ ಇಲ್ಲ! ಪುಟದ ಮೂಲಪಠ್ಯ ತೆರೆದು ನೋಡಿ. ಕನ್ನಡದ ಬದಲು ಗೋಜಲು ಕಂಡರೆ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಬೇಕು.

ಅಲ್ಲೇ ‘ನೋಇಂಡೆಕ್ಸ್’ ಎಂಬ ಆದೇಶವಿದೆಯೇ ನೋಡಿ. ತಾಣ ಸಿದ್ಧಪಡಿಸುವಾಗ ಹಾಕಿ ತೆಗೆಯದೆ ಬಿಟ್ಟ ಈ ಒಂದು ಪದ ಪುಟವನ್ನು ಸೂಚಿಯಿಂದ ಹೊರಗಿಡುತ್ತದೆ.

ವಿಳಾಸ ಮತ್ತು ಹೆಸರು

ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಜಾಲವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಸಹಿತ 3 ಅಕ್ಷರವಾಗುತ್ತದೆ. ‘ಬಂಟ್ವಾಳ’ದಲ್ಲಿ 7 ಸಂಕೇತಗಳಿವೆ, ಅಂದರೆ 21 ಬೈಟ್, 63 ಅಕ್ಷರ! ಇದು ತಪ್ಪಲ್ಲ, ಆದರೆ ವಿಳಾಸ ಚಿಕ್ಕದಾಗಿದ್ದರೆ ಹಂಚಿಕೊಳ್ಳಲು ಸುಲಭ.

ಊರಿನ ಹೆಸರನ್ನು ಜನ ಮೂಡುಬಿದಿರೆ, ಮೂಡಬಿದಿರೆ, ಮೂಡಬಿದ್ರಿ ಎಂದು ಹಲವು ಬಗೆಯಾಗಿ ಬರೆಯುತ್ತಾರೆ. ಶೀರ್ಷಿಕೆಯಲ್ಲಿ ಒಂದು ರೂಪವಿರಲಿ. ಉಳಿದವು ಪಠ್ಯದಲ್ಲಿ ಸಹಜವಾಗಿ ಒಮ್ಮೆ ಬರಲಿ. ಪ್ರತಿ ಪುಟಕ್ಕೂ ಬೇರೆ ಶೀರ್ಷಿಕೆ ಬೇಕು. ಗೂಗಲ್ ಪುಟದ ಮೊಬೈಲ್ ರೂಪವನ್ನೇ ಮುಖ್ಯವಾಗಿ ಪರಿಗಣಿಸುವುದರಿಂದ ಅಲ್ಲಿ ಪಠ್ಯ ಕಡಿತವಾಗಿರಬಾರದು.

ಮಾಡಿ ನೋಡಿ

ಶೋಧಕದಲ್ಲಿ ‘ಸೈಟ್’ ಎಂಬ ಇಂಗ್ಲಿಷ್ ಪದ, ವಿರಾಮದ ಜೋಡಿಚುಕ್ಕೆ, ಬಳಿಕ ನಿಮ್ಮ ಶಾಲೆಯ ತಾಣದ ವಿಳಾಸವನ್ನು ಎಡೆ ಬಿಡದೆ ಬೆರಳಚ್ಚಿಸಿ. ಸೂಚಿಯಲ್ಲಿರುವ ಪುಟಗಳು ಸ್ಥೂಲವಾಗಿ ಕಾಣಿಸುತ್ತವೆ. ಕಾಣದ ಪುಟಗಳನ್ನು ವಿದ್ಯಾರ್ಥಿಗಳು ಪಟ್ಟಿ ಮಾಡಿ, ಮೇಲಿನ ಕ್ರಮದಲ್ಲಿ ಒಂದೊಂದೇ ಕಾರಣವನ್ನು ಪರೀಕ್ಷಿಸಲಿ. ಉತ್ತಮ ಶ್ರೇಯಾಂಕಕ್ಕೆ ಇದು ಖಾತರಿಯಲ್ಲ. ಅದಕ್ಕೆ ಮಾಹಿತಿಯ ಗುಣವೇ ಆಧಾರ. ಆದರೆ ಸೂಚಿಗೇ ಸೇರದ ಪುಟಕ್ಕೆ ಶ್ರೇಯಾಂಕದ ಪ್ರಶ್ನೆಯೇ ಏಳದು.