ಮಿದುಳಿನ ಅಭಿಧಮನಿಗಳ ದುರಸ್ತಿ

ಮಿದುಳಿನ ಶಸ್ತ್ರಚಿಕಿತ್ಸೆಯ ವೇಳೆ ಹರಿದ ಅಭಿಧಮನಿಯ ರಕ್ತಸ್ರಾವವನ್ನು ನಿಲ್ಲಿಸಿ, ಸಾಧ್ಯವಾದಷ್ಟು ಅದರ ರಕ್ತಸಂಚಾರವನ್ನು ಉಳಿಸಿಕೊಳ್ಳುವ ವಿಧಾನವನ್ನು ಮಿದುಳಿನ ಅಭಿಧಮನಿಗಳ ದುರಸ್ತಿ ಎನ್ನುತ್ತಾರೆ. ಇದು ನರಶಸ್ತ್ರಚಿಕಿತ್ಸೆಯ ಕಠಿಣ ಸನ್ನಿವೇಶಗಳಲ್ಲಿ ಒಂದಾಗಿದೆ.

ರಚನೆ

ಮಿದುಳಿನ ಅಭಿಧಮನಿಗಳ ಗೋಡೆ ತೆಳುವಾಗಿದ್ದು, ಅವುಗಳಲ್ಲಿ ಕವಾಟಗಳಿರುವುದಿಲ್ಲ. ಇವು ಮಿದುಳಿನ ಹೊರಪೊರೆಯಾದ ಡ್ಯೂರಾದ ಪದರಗಳ ನಡುವೆ ಇರುವ ಸೈನಸ್ ಎಂಬ ಕಾಲುವೆಗಳಿಗೆ ರಕ್ತವನ್ನು ಸುರಿಯುತ್ತವೆ. ಇವುಗಳಲ್ಲಿ ಮುಖ್ಯವಾದ ಮೇಲಿನ ಸ್ಯಾಜಿಟಲ್ ಸೈನಸ್ ನೆತ್ತಿಯ ನಡುಗೆರೆಯಲ್ಲಿ ಮುಂದಿನಿಂದ ಹಿಂದಕ್ಕೆ ಸಾಗುತ್ತದೆ.

ಗಾಯದ ಕಾರಣಗಳು

ತಲೆಬುರುಡೆಯನ್ನು ತೆರೆಯುವಾಗ ಅಥವಾ ಸೈನಸ್‌ಗೆ ಅಂಟಿಕೊಂಡ ಮೆನಿಂಜಿಯೋಮಾ ಗಡ್ಡೆಯನ್ನು ಬಿಡಿಸುವಾಗ ಗಾಯವಾಗಬಹುದು. ಅಪಘಾತದಲ್ಲಿ ಒಳಕ್ಕೆ ಕುಸಿದ ಮೂಳೆಯ ಚೂರು ಸೈನಸ್‌ನ ತೂತನ್ನು ತಾನೇ ಮುಚ್ಚಿಕೊಂಡಿರುವುದುಂಟು. ಸಿದ್ಧತೆಯಿಲ್ಲದೆ ಅದನ್ನು ಎತ್ತಿದರೆ ಭಾರಿ ರಕ್ತಸ್ರಾವವಾಗಬಹುದು.

ದುರಸ್ತಿಯ ಕ್ರಮ

ಮೊದಲು ಬೆರಳಿನಿಂದ ಅಥವಾ ಒದ್ದೆ ಹತ್ತಿಯಿಂದ ಹಗುರವಾಗಿ ಒತ್ತಿ ಹಿಡಿಯಲಾಗುತ್ತದೆ. ಸಣ್ಣ ತೂತುಗಳಿಗೆ ಜೆಲಾಟಿನ್ ಸ್ಪಂಜು ಅಥವಾ ಆಕ್ಸಿಡೀಕೃತ ಸೆಲ್ಯುಲೋಸ್ ಸಾಕಾಗುತ್ತದೆ. ಸೈನಸ್‌ನ ಗೋಡೆಯನ್ನು ವಿದ್ಯುತ್ ಶಾಖದಿಂದ ಸುಟ್ಟರೆ ಅದು ಮುದುಡಿ ತೂತು ಇನ್ನಷ್ಟು ಹಿಗ್ಗುವ ಸಂಭವವಿದೆ. ನೇರವಾದ ಹರಿತಗಳನ್ನು ಅತಿ ಸಣ್ಣ ದಾರದಿಂದ ಹೊಲಿಯಲಾಗುತ್ತದೆ. ಗೋಡೆಯ ಭಾಗವೇ ನಷ್ಟವಾಗಿದ್ದರೆ ಡ್ಯೂರಾದ ಅಥವಾ ತಲೆಬುರುಡೆಯ ಹೊರಪೊರೆಯ ತುಂಡಿನಿಂದ ತೇಪೆ ಹಾಕಲಾಗುತ್ತದೆ. ಅಪರೂಪಕ್ಕೆ ರೋಗಿಯ ಕಾಲಿನಿಂದ ತೆಗೆದ ಅಭಿಧಮನಿಯನ್ನು ಜೋಡಿಸುವುದೂ ಉಂಟು.

ಅಪಾಯಗಳು

ತಲೆಯನ್ನು ಎತ್ತರಿಸಿದರೆ ರಕ್ತಸ್ರಾವ ಕಡಿಮೆಯಾಗುತ್ತದೆ. ಆದರೆ ಸೈನಸ್‌ನ ಗಡುಸಾದ ಗೋಡೆ ಕುಸಿಯದೆ ತೆರೆದೇ ಇರುವುದರಿಂದ ಗಾಳಿಯು ಒಳಸೇರಿ ಹೃದಯವನ್ನು ತಲುಪಬಹುದು. ಆಗ ಗಾಯದ ಜಾಗವನ್ನು ಲವಣದ್ರಾವಣದಿಂದ ತುಂಬಿಸಿ, ತಲೆಯನ್ನು ತಗ್ಗಿಸಲಾಗುತ್ತದೆ.

ಮೇಲಿನ ಸ್ಯಾಜಿಟಲ್ ಸೈನಸ್‌ನ ಮುಂಭಾಗದ ಮೂರನೇ ಒಂದು ಪಾಲನ್ನು ಕಟ್ಟಿದರೆ ಹೆಚ್ಚಿನ ರೋಗಿಗಳು ತಾಳಿಕೊಳ್ಳುತ್ತಾರೆ. ಹಿಂಭಾಗವನ್ನು ಹಠಾತ್ತನೆ ಮುಚ್ಚಿದರೆ ರಕ್ತ ಹೊರಹೋಗಲಾರದೆ ಮಿದುಳು ಬಾತು, ಪಾರ್ಶ್ವವಾಯು ಅಥವಾ ಸಾವು ಸಂಭವಿಸಬಹುದು. ಕಪಾಲದ ಪಾರ್ಶ್ವದಲ್ಲಿರುವ ಲಾಬೆ ಅಭಿಧಮನಿಗೆ ಪೆಟ್ಟಾದರೆ, ವಿಶೇಷವಾಗಿ ಎಡಭಾಗದಲ್ಲಿ, ಮಾತಿನ ಶಕ್ತಿ ಕುಂದಬಹುದು. ಆದುದರಿಂದ ರಕ್ತ ನಿಂತರಷ್ಟೇ ಸಾಲದು, ಅದರ ದಾರಿಯೂ ಉಳಿಯಬೇಕು. ದುರಸ್ತಿಯಾದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುವುದರಿಂದ ನಂತರವೂ ಸ್ಕ್ಯಾನ್ ಮೂಲಕ ನಿಗಾ ಇಡಲಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ನಿಮ್ಹಾನ್ಸ್ ರಾಜ್ಯದ ಪ್ರಮುಖ ನರಶಸ್ತ್ರಚಿಕಿತ್ಸಾ ಕೇಂದ್ರವಾಗಿದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮಾನಸಿಕ ಆಸ್ಪತ್ರೆಯೊಂದಿಗೆ ವಿಲೀನಗೊಂಡು 1974ರಲ್ಲಿ ಈ ಸಂಸ್ಥೆ ರೂಪುಗೊಂಡಿತು. ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮ ಇದರ ಮೊದಲ ನಿರ್ದೇಶಕರಾಗಿದ್ದರು.