ಎರಡು ಗಿಟಾರು, ಒಂದು ಕೊರಳು

2007ರ ಮಾರ್ಚ್ ತಿಂಗಳಿನಲ್ಲಿ ಬ್ರಿಟನ್ನಿನ 'ಐರನ್ ಮೇಡನ್' ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನಕ್ಕೆ ಅಮೆರಿಕದ 'ಮೆಟಾಲಿಕಾ' ಬಂತು. ಎರಡು ಸಲವೂ ಸಾವಿರಾರು ತರುಣರು ಕಿಕ್ಕಿರಿದು ಸೇರಿದರು. ರಾಕ್ ಸಂಗೀತದ ಹುಚ್ಚಿರುವ ಕಾಲೇಜು ಹುಡುಗರಿಗೆ ಈ ಎರಡು ಹೆಸರುಗಳನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಆದರೆ ಈ ಇಬ್ಬರು ದಿಗ್ಗಜರೂ ಹಾಡು ಎರವಲು ಪಡೆದು ಗೌರವ ಸಲ್ಲಿಸಿದ ಮೂರನೆಯ ತಂಡವೊಂದಿದೆ. ಐರನ್ ಮೇಡನ್ 1988ರಲ್ಲಿ ಅದರ 'ಮ್ಯಾಸಕರ್' ಹಾಡನ್ನು ನುಡಿಸಿ ತನ್ನದೊಂದು ಕಿರುಮುದ್ರಿಕೆಯ ಹಿಂಬದಿಗೆ ಹಾಕಿಕೊಂಡಿತು. ಮೆಟಾಲಿಕಾ 1998ರಲ್ಲಿ 'ವಿಸ್ಕಿ ಇನ್ ದ ಜಾರ್' ಹಾಡನ್ನು ಆ ತಂಡದ ಧಾಟಿಯಲ್ಲೇ ಹಾಡಿ 2000ದಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಗೆದ್ದಿತು. ಹಾಡು ಕೊಟ್ಟ ತಂಡದ ಹೆಸರು 'ಥಿನ್ ಲಿಜಿ'. ಊರು ಐರ್ಲೆಂಡಿನ ಡಬ್ಲಿನ್. ಹೆಸರು ಹೇಳಿದರೆ ಇಂದಿಗೂ ಅನೇಕರು 'ಯಾರದು?' ಎಂದು ಕೇಳುತ್ತಾರೆ!

ಅಜ್ಜಿಯ ಮನೆಯ ಹುಡುಗ

ಥಿನ್ ಲಿಜಿಯ ಕಥೆಯೆಂದರೆ ಬಹುಮಟ್ಟಿಗೆ ಫಿಲ್ ಲೈನಟ್‌ನ ಕಥೆ. ಆತ ಹುಟ್ಟಿದ್ದು 1949ರ ಆಗಸ್ಟ್ 20ರಂದು, ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ. ತಾಯಿ ಫಿಲೋಮಿನಾ ಐರಿಷ್ ಹೆಣ್ಣುಮಗಳು. ತಂದೆ ಬ್ರಿಟಿಷ್ ಗಯಾನಾದಿಂದ ಬಂದ ಕಪ್ಪುವರ್ಣೀಯ. ತಂದೆ ತಾಯಿ ಮದುವೆಯಾಗಲಿಲ್ಲ. ಬಾಲಕನನ್ನು ಡಬ್ಲಿನ್ನಿನ ಕ್ರಮ್ಲಿನ್ ಬಡಾವಣೆಯ ಅಜ್ಜಿಯ ಮನೆಗೆ ಕಳಿಸಲಾಯಿತು. ಐವತ್ತರ ದಶಕದ ಡಬ್ಲಿನ್ನಿನಲ್ಲಿ ಕಪ್ಪು ಹುಡುಗನೆಂದರೆ ಬೀದಿಯವರೆಲ್ಲ ತಿರುಗಿ ನೋಡುವ ಕಾಲ. ಆ ಹುಡುಗ ತಲೆತಗ್ಗಿಸುವ ಬದಲು ಐರ್ಲೆಂಡಿನ ಕಥೆ, ಪುರಾಣ, ಲಾವಣಿಗಳನ್ನೆಲ್ಲ ಮೈಗೂಡಿಸಿಕೊಂಡು ಆ ನಾಡಿನ ಎಲ್ಲರಿಗಿಂತ ಹೆಚ್ಚು ಐರಿಷ್ ಆಗಿ ಬೆಳೆದುಬಿಟ್ಟ. ಅಜ್ಜಿಯ ಹೆಸರು ಸಾರಾ. 1972ರಲ್ಲಿ ಆಕೆಯ ಮೇಲೆ 'ಸಾರಾ' ಎಂಬ ಹಾಡು ಕಟ್ಟಿದ. ಮುಂದೆ ತನ್ನ ಮಗಳಿಗೂ ಅದೇ ಹೆಸರಿಟ್ಟು 1979ರಲ್ಲಿ ಅದೇ ಹೆಸರಿನ ಇನ್ನೊಂದು ಹಾಡನ್ನು ಬರೆದ.

ಶಾಲೆಯ ಗೆಳೆಯ ಬ್ರಯಾನ್ ಡೌನಿ ಡ್ರಮ್ ಬಾರಿಸುತ್ತಿದ್ದ. ಬೆಲ್‌ಫಾಸ್ಟ್‌ನ ಎರಿಕ್ ಬೆಲ್ ಗಿಟಾರ್ ಹಿಡಿದು ಬಂದ. 1969ರ ಕೊನೆಯಲ್ಲಿ ತಂಡ ಹುಟ್ಟಿತು. ಲೈನಟ್ ಹಾಡುವುದರ ಜೊತೆಗೆ ಬೇಸ್ ಗಿಟಾರನ್ನೂ ನುಡಿಸತೊಡಗಿದ. ಮಕ್ಕಳ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಬರುತ್ತಿದ್ದ 'ಟಿನ್ ಲಿಜಿ' ಎಂಬ ಯಂತ್ರದ ಗೊಂಬೆಯೇ ತಂಡದ ಹೆಸರಿನ ಮೂಲ. ಡಬ್ಲಿನ್ನಿನವರ ಬಾಯಲ್ಲಿ 'ಥಿನ್' ಎಂಬುದೂ 'ಟಿನ್' ಎಂದೇ ಹೊರಡುವುದರಿಂದ, ತಮಾಷೆಗಾಗಿ ಅಕ್ಷರ ಬದಲಿಸಿದರು.

ದರೋಡೆಕಾರನ ಲಾವಣಿ

ಮೊದಲ ಎರಡು ಧ್ವನಿಮುದ್ರಿಕೆಗಳು ಹೆಚ್ಚು ಸದ್ದು ಮಾಡಲಿಲ್ಲ. 1972ರ ಕೊನೆಯಲ್ಲಿ ಹೊರಬಂದ 'ವಿಸ್ಕಿ ಇನ್ ದ ಜಾರ್' ಅದೃಷ್ಟದ ಬಾಗಿಲು ತೆರೆಯಿತು. ಇದು ಅವರು ಬರೆದ ಹಾಡಲ್ಲ. ಐರ್ಲೆಂಡಿನ ಹಳೆಯ ಜನಪದ ಲಾವಣಿ. ದಾರಿಯಲ್ಲಿ ಸೇನಾಧಿಕಾರಿಯನ್ನು ಅಡ್ಡಗಟ್ಟಿ ದೋಚುವ ದರೋಡೆಕಾರ, ನಂಬಿದ ಹೆಣ್ಣಿನಿಂದಲೇ ಮೋಸಹೋಗಿ ಸಿಕ್ಕಿಬೀಳುವ ಕಥೆ. ನಮ್ಮಲ್ಲಿ ಹಲಗಲಿ ಬೇಡರ ಲಾವಣಿಯನ್ನು ಯಾರಾದರೂ ವಿದ್ಯುತ್ ಗಿಟಾರಿಗೆ ಅಳವಡಿಸಿದರೆ ಹೇಗಿದ್ದೀತು, ಊಹಿಸಿಕೊಳ್ಳಿ! ಅಭ್ಯಾಸದ ಮಧ್ಯೆ ವಿನೋದಕ್ಕೆಂದು ನುಡಿಸಿದ್ದನ್ನು ಮುದ್ರಿಕೆಯ ಹಿಂಬದಿಗೆ ಹಾಕೋಣವೆಂದು ಅವರೆಣಿಸಿದ್ದರು. ಕಂಪೆನಿಯವರು ಅದನ್ನೇ ಮುಂಬದಿಗೆ ತಂದರು. ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು ಆರನೆಯ ಸ್ಥಾನಕ್ಕೇರಿತು.

ಯಶಸ್ಸಿನ ಒತ್ತಡ ಎರಿಕ್ ಬೆಲ್‌ಗೆ ಒಗ್ಗಲಿಲ್ಲ. 1973ರ ಡಿಸೆಂಬರ್ 31ರ ರಾತ್ರಿ ಬೆಲ್‌ಫಾಸ್ಟ್‌ನ ಕಾರ್ಯಕ್ರಮದ ನಡುವೆಯೇ ಗಿಟಾರನ್ನು ಮೇಲಕ್ಕೆಸೆದು ವೇದಿಕೆ ಬಿಟ್ಟು ನಡೆದ. ಆತನ ಜಾಗಕ್ಕೆ 1974ರಲ್ಲಿ ಒಬ್ಬರಲ್ಲ, ಇಬ್ಬರು ಬಂದರು. ಒಬ್ಬ ಕ್ಯಾಲಿಫೋರ್ನಿಯಾದ ಸ್ಕಾಟ್ ಗೋರಮ್. ಇನ್ನೊಬ್ಬ ಸ್ಕಾಟ್ಲೆಂಡಿನ ಬ್ರಯಾನ್ ರಾಬರ್ಟ್‌ಸನ್, ಆಗಿನ್ನೂ ಹದಿನೆಂಟರ ಪೋರ. ಇಲ್ಲಿಂದ ತಂಡದ ನಿಜವಾದ ಚರಿತ್ರೆ ಆರಂಭವಾಗುತ್ತದೆ.

ಸ ಮತ್ತು ಗ ಒಟ್ಟಿಗೆ

ಜೋಡಿ ನಾಗಸ್ವರದಲ್ಲಿ ಇಬ್ಬರು ವಿದ್ವಾಂಸರೂ ಒಂದೇ ಸ್ವರವನ್ನು ನುಡಿಸುತ್ತಾರೆ. ಪಿಟೀಲು ಗಾಯಕನನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಥಿನ್ ಲಿಜಿಯ ಗಿಟಾರುಗಳು ಹಾಗಲ್ಲ. ಒಂದು ಷಡ್ಜದಲ್ಲಿದ್ದಾಗ ಇನ್ನೊಂದು ಗಾಂಧಾರದಲ್ಲಿರುತ್ತದೆ. ಮೊದಲನೆಯದು ರಿಷಭಕ್ಕೆ ಸರಿದರೆ ಎರಡನೆಯದು ಮಧ್ಯಮಕ್ಕೆ ಸರಿಯುತ್ತದೆ. ಎರಡು ಹಕ್ಕಿಗಳು ಒಂದರ ಪಕ್ಕ ಒಂದು, ನಡುವಿನ ಅಂತರ ಕಾಪಾಡಿಕೊಂಡು ಹಾರಿದಂತೆ.

ಈ ಇಂಪನ್ನು ಒಂದೇ ಗಿಟಾರಿನಲ್ಲಿ ಎರಡು ತಂತಿ ಮೀಟಿ ಪಡೆಯಬಾರದೇಕೆ? ಇದರ ಹಿಂದೆ ಸೊಗಸಾದ ಭೌತಶಾಸ್ತ್ರವಿದೆ. ವಿದ್ಯುತ್ ಗಿಟಾರಿನ ಉಕ್ಕಿನ ತಂತಿ ಆಯಸ್ಕಾಂತದ ಮೇಲೆ ಕಂಪಿಸಿದಾಗ, ಸುತ್ತಿದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ವರ್ಧಿಸುತ್ತದೆ. ಹಾರ್ಡ್ ರಾಕ್‌ನಲ್ಲಿ ಬೇಕೆಂದೇ ಆಂಪ್ಲಿಫೈಯರಿಗೆ ಅದರ ಶಕ್ತಿ ಮೀರಿ ಉಣಿಸುತ್ತಾರೆ. ಆಗ ಅಲೆಯ ಶಿಖರಗಳು ಕತ್ತರಿಸಿಹೋಗಿ ಆ ವಿಶಿಷ್ಟ ಒರಟು ನಾದ ಬರುತ್ತದೆ. ಆದರೆ ಹೀಗೆ ವಿಕಾರಗೊಂಡ ಆಂಪ್ಲಿಫೈಯರಿಗೆ ಒಟ್ಟಿಗೆ ಎರಡು ಸ್ವರ ಕೊಟ್ಟರೆ ಅದು ಎರಡನ್ನು ಮಾತ್ರ ಹೊರಬಿಡುವುದಿಲ್ಲ. ಅವುಗಳ ಕೂಡಿಕೆ, ಕಳೆಯುವಿಕೆಗಳಿಂದ ಹುಟ್ಟುವ ಬೇರೆ ಕಂಪನಾಂಕಗಳನ್ನೂ ಸೇರಿಸುತ್ತದೆ.

ಉದಾಹರಣೆಗೆ ಷಡ್ಜ 400 ಹರ್ಟ್ಸ್ ಎನ್ನೋಣ. ಶುದ್ಧ ಅಂತರ ಗಾಂಧಾರ 5:4ರ ಪ್ರಮಾಣದಲ್ಲಿ 500 ಹರ್ಟ್ಸ್ ಇರಬೇಕು. ಆದರೆ ಗಿಟಾರಿನ ಮೆಟ್ಟಿಲುಗಳು ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡುವುದರಿಂದ ಅಲ್ಲಿ ಸಿಗುವುದು ಸುಮಾರು 504. ವ್ಯತ್ಯಾಸ 104. ಇದು 400ರ ಜೊತೆಗೂ ಸೇರದು, 504ರ ಜೊತೆಗೂ ಸೇರದು. ಇಂಥ ಅನೇಕ ಅಪಸ್ವರಗಳು ಗುಂಪುಗೂಡಿ ಕಲಸುಮೇಲೋಗರವಾಗುತ್ತದೆ. ಪಂಚಮಕ್ಕೆ ಈ ತೊಂದರೆ ಇಲ್ಲ. ಗಿಟಾರಿನಲ್ಲಿ ಅದು 599ಕ್ಕಿಂತ ತುಸು ಹೆಚ್ಚು, ಅಂದರೆ ಶುದ್ಧವಾದ 600ಕ್ಕೆ ತೀರ ಹತ್ತಿರ. ಆದ್ದರಿಂದಲೇ ಹಾರ್ಡ್ ರಾಕ್ ತಂಡಗಳು ಒಂದೇ ಗಿಟಾರಿನಲ್ಲಿ ಸ ಮತ್ತು ಪ ಜೋಡಿಸಿ ಗುಡುಗಿಸುತ್ತವೆ, ಗಾಂಧಾರವನ್ನು ದೂರವಿಡುತ್ತವೆ.

ಗಾಂಧಾರವೂ ಬೇಕು, ಒರಟು ನಾದವೂ ಬೇಕು ಎಂದರೆ ದಾರಿ ಒಂದೇ: ಎರಡು ಗಿಟಾರು, ಎರಡು ಆಂಪ್ಲಿಫೈಯರು. ಪ್ರತಿಯೊಂದಕ್ಕೂ ಒಂದೊಂದೇ ಸ್ವರ. ಆಗ ಎರಡೂ ಗಾಳಿಯಲ್ಲಿ ಮಾತ್ರ ಕೂಡುತ್ತವೆ. ಗಾಳಿ ಆಂಪ್ಲಿಫೈಯರಿನಂತೆ ಅವನ್ನು ಕಲಸಿ ಕೆಡಿಸುವುದಿಲ್ಲ. ಗೋರಮ್ ಮತ್ತು ರಾಬರ್ಟ್‌ಸನ್ ಜೋಡಿಯ ಜೇನಿನಂಥ ನಾದಕ್ಕೆ ಇದೇ ಕಾರಣ.

ಜೋಡಿ ಗಿಟಾರನ್ನು ಮೊದಲು ತಂದವರು ಇವರೇ ಎಂದರೆ ತಪ್ಪಾದೀತು. ಇಂಗ್ಲೆಂಡಿನ 'ವಿಶ್‌ಬೋನ್ ಆಶ್', ಅಮೆರಿಕದ 'ಆಲ್‌ಮನ್ ಬ್ರದರ್ಸ್' ತಂಡಗಳು ಮೊದಲೇ ಹೀಗೆ ನುಡಿಸಿದ್ದವು. ಅವರದು ರಾಗಾಲಾಪನೆಯಂತೆ ದೀರ್ಘ ವಿಸ್ತಾರ. ಥಿನ್ ಲಿಜಿ ಅದನ್ನು ನಾಲ್ಕು ನಿಮಿಷದ ಹಾಡಿಗೆ ತಂದು, ಪಲ್ಲವಿಯಷ್ಟೇ ಸುಲಭವಾಗಿ ಗುನುಗುವಂತೆ ಮಾಡಿತು. 'ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್' ಕೇಳಿದವರಿಗೆ ಮಾತು ಮರೆತರೂ ಗಿಟಾರಿನ ವರಸೆ ಮರೆಯದು.

ಕೈಗೆ ಬಂದದ್ದು ಬಾಯಿಗಿಲ್ಲ

ಆ ಹಾಡಿದ್ದದ್ದು 1976ರ 'ಜೈಲ್‌ಬ್ರೇಕ್' ಧ್ವನಿಮುದ್ರಿಕೆಯಲ್ಲಿ. ಬ್ರಿಟನ್ನಿನಲ್ಲಿ 8ನೆಯ ಸ್ಥಾನ, ಅಮೆರಿಕದಲ್ಲಿ 12ನೆಯ ಸ್ಥಾನ. ಅಮೆರಿಕವನ್ನು ಗೆದ್ದ ತಂಡಕ್ಕೆ ಆ ಕಾಲದಲ್ಲಿ ಮತ್ತೆ ಹಿಂದಿರುಗಿ ನೋಡುವ ಪ್ರಮೇಯವಿರಲಿಲ್ಲ. 'ರೇನ್‌ಬೋ' ತಂಡದೊಂದಿಗೆ ಅಲ್ಲಿ ಪ್ರವಾಸ ನಿಗದಿಯಾಗಿತ್ತು. ಅಷ್ಟರಲ್ಲಿ ಲೈನಟ್‌ಗೆ ಕಾಮಾಲೆ! ಪ್ರವಾಸ ರದ್ದಾಯಿತು. ಅದೇ ವರ್ಷದ ಕೊನೆಯಲ್ಲಿ ಮತ್ತೊಂದು ಪ್ರವಾಸಕ್ಕೆ ಹೊರಡಬೇಕೆನ್ನುವಾಗ ಲಂಡನ್ನಿನ ಕ್ಲಬ್ಬೊಂದರ ಜಗಳದಲ್ಲಿ ರಾಬರ್ಟ್‌ಸನ್‌ನ ಕೈ ಕೊಯ್ದುಕೊಂಡಿತು. ಅದೂ ರದ್ದು. ಒಂದೇ ವರ್ಷದಲ್ಲಿ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಮೆರಿಕದಲ್ಲಿ ಆ ಎತ್ತರ ಮತ್ತೆ ದಕ್ಕಲೂ ಇಲ್ಲ.

ಮುಂದೆ ಒಳ್ಳೆಯ ಸಂಗೀತ ಬರಲಿಲ್ಲವೆಂದಲ್ಲ. 1978ರ 'ಲೈವ್ ಅಂಡ್ ಡೇಂಜರಸ್' ವೇದಿಕೆಯ ಕಾರ್ಯಕ್ರಮಗಳ ಮುದ್ರಣ. ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಅದರಲ್ಲಿ ವೇದಿಕೆಯದೆಷ್ಟು, ಆಮೇಲೆ ಸ್ಟುಡಿಯೋದಲ್ಲಿ ತಿದ್ದಿದ್ದೆಷ್ಟು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿಗೂ ತಂಡದವರಿಗೂ ವಾದ ನಡೆದೇ ಇತ್ತು. ಕೇಳುಗನಿಗೆ ಆ ಲೆಕ್ಕ ಬೇಡ. ಅದರ ಕಾವು ಇಂದಿಗೂ ಆರಿಲ್ಲ. 1979ರ 'ಬ್ಲ್ಯಾಕ್ ರೋಸ್' ಕೂಡ ಎರಡನೆಯ ಸ್ಥಾನಕ್ಕೇರಿತು. ಕಪ್ಪು ಗುಲಾಬಿ ಎಂಬುದು ಹಳೆಯ ಐರಿಷ್ ಕಾವ್ಯದಲ್ಲಿ ದೇಶಕ್ಕೇ ಇಟ್ಟ ಗುಪ್ತನಾಮ. ಲೈನಟ್ ಆ ರೂಪಕವನ್ನು ಎತ್ತಿಕೊಂಡು ಜನಪದ ಧಾಟಿಗಳನ್ನು ಗಿಟಾರುಗಳಲ್ಲಿ ಹೆಣೆದ. ಆಗ ಜೊತೆಗಿದ್ದವನು ಬೆಲ್‌ಫಾಸ್ಟ್‌ನ ಪ್ರತಿಭಾವಂತ ಗ್ಯಾರಿ ಮೂರ್. ಆತನೂ ಹೆಚ್ಚು ಕಾಲ ನಿಲ್ಲಲಿಲ್ಲ.

ಗಿಟಾರ್ ವಾದಕರು ಬಂದರು, ಹೋದರು. ಹೆರಾಯಿನ್ ಮಾತ್ರ ಬಂದದ್ದು ಹೋಗಲಿಲ್ಲ. ಸ್ನೇಹಿತರ ಮಾತು ನಾಟಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಲೈನಟ್‌ನ ತಂಡ ಕೊನೆಯ ಕಾರ್ಯಕ್ರಮ ಕೊಟ್ಟಿತು. 1985ರಲ್ಲಿ ಗ್ಯಾರಿ ಮೂರ್ ಜೊತೆ ಹಾಡಿದ 'ಔಟ್ ಇನ್ ದ ಫೀಲ್ಡ್ಸ್', ಉತ್ತರ ಐರ್ಲೆಂಡಿನ ರಕ್ತಪಾತದ ಬಗೆಗಿನ ಹಾಡು, ಬ್ರಿಟನ್ನಿನಲ್ಲಿ 5ನೆಯ ಸ್ಥಾನ ತಲುಪಿದಾಗ ಇನ್ನೇನು ಚೇತರಿಸಿಕೊಂಡ ಎಂದೇ ಅಭಿಮಾನಿಗಳು ನಂಬಿದ್ದರು. ಆ ವರ್ಷದ ಕ್ರಿಸ್ಮಸ್ ದಿನ ಮನೆಯಲ್ಲೇ ಕುಸಿದುಬಿದ್ದ. 1986ರ ಜನವರಿ 4ರಂದು ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 36.

ಋಣ ಸಂದಾಯ

ಲೈನಟ್‌ನ ಹಾಡುಗಳಲ್ಲಿ ಪುಂಡರಿದ್ದಾರೆ, ಜೈಲು ಮುರಿದು ಓಡುವವರಿದ್ದಾರೆ. ಆದರೆ ಅಬ್ಬರದ ನಡುವೆ ಒಂಟಿತನದ ಎಳೆಯೊಂದು ಸದಾ ಇರುತ್ತದೆ. ಹಾಡುವಾಗ ಆತ ಪದಗಳನ್ನು ತಾಳಕ್ಕೆ ಸರಿಯಾಗಿ ಇಡದೆ ತುಸು ಹಿಂದೆಮುಂದೆ ಮಾಡಿ, ಕಟ್ಟೆಯ ಮೇಲೆ ಕೂತು ಕಥೆ ಹೇಳುವವನಂತೆ ಹೇಳುತ್ತಾನೆ. 1974ರಲ್ಲೇ ಆತನ ಕವಿತೆಗಳ ಪುಸ್ತಕ ಬಂದಿತ್ತು ಎಂಬುದು ಅನೇಕ ರಾಕ್ ಪ್ರಿಯರಿಗೆ ತಿಳಿಯದು. ಬೇಸ್ ಗಿಟಾರಿಗೆ ಕನ್ನಡಿಯಂಥ ಫಲಕ ಕೂರಿಸಿ, ವೇದಿಕೆಯ ದೀಪದ ಬೆಳಕನ್ನು ಪ್ರತಿಫಲಿಸಿ ಪ್ರೇಕ್ಷಕರ ಮುಖದ ಮೇಲೆ ಆಡಿಸುತ್ತಿದ್ದ. ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿನ ಸಾಲಿನವನಿಗೂ ಹಂಚುವ ಹುಡುಗಾಟ!

ಅಮೆರಿಕದ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಸಂಸ್ಥೆಯ 2020ರ ಗೌರವಕ್ಕೆ ತಂಡದ ಹೆಸರು ಸೂಚಿತವಾಗಿತ್ತು; ಆಯ್ಕೆಯಾಗಲಿಲ್ಲ. ತಾಯ್ನಾಡು ಮಾತ್ರ ಮರೆತಿಲ್ಲ. 2019ರಲ್ಲಿ ಐರ್ಲೆಂಡಿನ ಕೇಂದ್ರ ಬ್ಯಾಂಕ್ ಲೈನಟ್‌ನ ನೆನಪಿಗೆ ಬೆಳ್ಳಿಯ ನಾಣ್ಯ ಹೊರಡಿಸಿತು. ಹೊಸಬರು ಕೇಳಬೇಕೆಂದಿದ್ದರೆ 'ಜೈಲ್‌ಬ್ರೇಕ್'ನಿಂದ ಆರಂಭಿಸಬಹುದು. ಅದರ ಕೊನೆಯ ಹಾಡು 'ಎಮರಾಲ್ಡ್'ನಲ್ಲಿ ಎರಡು ಗಿಟಾರುಗಳು ಒಂದಕ್ಕೊಂದು ಸವಾಲು ಜವಾಬು ನಡೆಸುವುದನ್ನು ಕೇಳಿದರೆ ಐರನ್ ಮೇಡನ್ ಎಲ್ಲಿಂದ ಬಂತೆಂದು ಯಾರೂ ಹೇಳಿಕೊಡಬೇಕಿಲ್ಲ.

ಡಬ್ಲಿನ್ನಿನ ಹ್ಯಾರಿ ಸ್ಟ್ರೀಟ್‌ನಲ್ಲಿ 2005ರ ಆಗಸ್ಟ್‌ನಲ್ಲಿ ನಿಲ್ಲಿಸಿದ ಲೈನಟ್‌ನ ಕಂಚಿನ ಪ್ರತಿಮೆಯಿದೆ. ಎತ್ತರದ ಪೀಠವಿಲ್ಲ, ಬೇಲಿಯಿಲ್ಲ. ಆಳೆತ್ತರದ ಮನುಷ್ಯನೊಬ್ಬ ಬೇಸ್ ಗಿಟಾರ್ ಹಿಡಿದು ಬೀದಿಯಲ್ಲಿ ನಿಂತಿದ್ದಾನೆ. ಹಾದುಹೋಗುವ ಅಭಿಮಾನಿಗಳು ಹೂವಿಗೆ ಬದಲಾಗಿ ಗಿಟಾರ್ ಮೀಟುವ ಪುಟ್ಟ ಬಿಲ್ಲೆಗಳನ್ನು ಅಲ್ಲಿ ಸಿಕ್ಕಿಸಿ ಹೋಗುತ್ತಾರೆ. ಒಂದು ಕಾಲಕ್ಕೆ ತಿರುಗಿ ತಿರುಗಿ ನೋಡಿದ ಊರು, ಈಗ ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತದೆ.